ಎಮ್ಯುಲೇಟರ್‌ನಲ್ಲಿ ಆಟ ಸೇವ್ ಆಗುವುದು ಎರಡು ಕಡೆ, ಕಳೆದುಹೋಗುವುದು ಅವೆರಡರ ನಡುವೆ

ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಪಟಾಕಿ ಸದ್ದು. ಅಕ್ಕನ ಮಗ ಮಾತ್ರ ಒಳಗೆ ಮಂಚದ ಮೇಲೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ಕೈಯಲ್ಲಿ ಫೋನ್, ಪರದೆ ಮೇಲೆ ಪೋಕೆಮಾನ್ ಎಮರಾಲ್ಡ್. ಒಂದೊಂದಾಗಿ ಎಂಟು ಬ್ಯಾಡ್ಜ್ ಗೆಲ್ಲುತ್ತಾ ಹೋಗುವ ಹಳೇ ಆಟ ಅದು.

“ಮಾಮ, ಎಂಟು ಬ್ಯಾಡ್ಜ್ ಗೆದ್ದಿದ್ದೆ. ಈಗ ಮೂರೇ ತೋರಿಸ್ತಿದೆ.”

“ಸೇವ್ ಮಾಡಿರಲಿಲ್ವೇನೋ?”

“ಮಾಡಿದ್ದೆ ಮಾಮ. ಎರಡು ಥರಾನೂ ಮಾಡಿದ್ದೆ.”

ಅವನು ಹೇಳಿದ್ದು ನಿಜ. ಎರಡು ಥರ ಸೇವ್ ಮಾಡಿದ್ದರಿಂದಲೇ ಅವನ ಆಟ ಹೋಗಿತ್ತು. ನಲವತ್ತು ಗಂಟೆ ಆಡಿದ ಆಟ ಅದು. ದೊಡ್ಡವರಿಗೆ ಸಣ್ಣ ವಿಷಯ ಅನ್ನಿಸಬಹುದು. ಹನ್ನೆರಡು ವರ್ಷದ ಹುಡುಗನಿಗೆ ಅದು ಒಂದು ಬೇಸಿಗೆ ರಜೆಯಷ್ಟು ದೊಡ್ಡದು. ಹಬ್ಬದ ದಿನ ಅವನ ಮುಖ ನೋಡಿ ನನಗೂ ಬೇಜಾರಾಯಿತು. ಅವತ್ತು ಮಧ್ಯಾಹ್ನ ಊಟ ಆದಮೇಲೆ ಇಬ್ಬರೂ ಕೂತು ಆಗಿದ್ದೇನು ಅಂತ ಹುಡುಕಿದೆವು. ಈ ಬರಹ ಅಲ್ಲಿಂದ ಹುಟ್ಟಿದ್ದು.

ಎಮ್ಯುಲೇಟರ್ ಅಂದರೆ ಹಳೇ ಕನ್ಸೋಲ್‌ನಂತೆ ನಡೆದುಕೊಳ್ಳುವ ಸಾಫ್ಟ್‌ವೇರ್. ಹಳೇ ಆಟವು ತಾನು ನಿಜವಾದ ಗೇಮ್ ಬಾಯ್ ಒಳಗೋ ಪ್ಲೇಸ್ಟೇಷನ್ ಒಳಗೋ ಇದ್ದೇನೆ ಅಂತಲೇ ಭಾವಿಸಿ ಓಡುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದು ಹತ್ತು ವರ್ಷಕ್ಕಿಂತ ಹಳೇ ಸಂಗತಿ. 2024ರ ಏಪ್ರಿಲ್‌ನಲ್ಲಿ ಆ್ಯಪಲ್ ಕೂಡ ನಿಯಮ ಬದಲಿಸಿ ರೆಟ್ರೊ, ಅಂದರೆ ಹಳೇ ಆಟಗಳ ಎಮ್ಯುಲೇಟರ್‌ಗಳನ್ನು ಆ್ಯಪ್ ಸ್ಟೋರ್ ಒಳಗೆ ಬಿಟ್ಟುಕೊಂಡಿತು. ಅದೇ ತಿಂಗಳ 17ರಂದು ರೈಲಿ ಟೆಸ್ಟಟ್ ಅನ್ನುವ ಡೆವಲಪರ್‌ನ ಡೆಲ್ಟಾ ಎಮ್ಯುಲೇಟರ್ ಆ್ಯಪ್ ಬಂತು. ಆನ್‌ಬರ್ನಿಕ್, ಮಿಯೂ ಥರದ ಅಂಗೈಯಗಲದ ಅಗ್ಗದ ಕನ್ಸೋಲ್‌ಗಳೂ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಹೀಗಾಗಿ ಎಂದೂ ನಿಜವಾದ ಗೇಮ್ ಕ್ಯಾಸೆಟ್ ಮುಟ್ಟದ ಮಕ್ಕಳು ಇವತ್ತು ಆ ಆಟಗಳನ್ನು ಆಡುತ್ತಿದ್ದಾರೆ. ಆಟ ಶುರು ಮಾಡುವುದು ಹೇಗೆ ಅಂತ ಹೇಳಿಕೊಡಲು ನೂರು ಜನ ಇದ್ದಾರೆ. ಆಡಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಹೇಳುವವರು ಕಡಿಮೆ.

ತೊಂಬತ್ತರ ದಶಕದಲ್ಲಿ ನಮಗೆ ಈ ಚಿಂತೆಯೇ ಇರಲಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿದ್ದದ್ದು ಟಿವಿಗೆ ಚುಚ್ಚುವ ವಿಡಿಯೋ ಗೇಮ್. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಕನ್ಸೋಲ್‌ನ ನಕಲು ಅದು ಅಂತ ಆಮೇಲೆ ಗೊತ್ತಾಯಿತು. ಹಳದಿ ಕ್ಯಾಸೆಟ್, ಅದರ ಮೇಲೆ ಸಾವಿರಗಟ್ಟಲೆ ಆಟ ಇದೆ ಅಂತ ಬರೆದಿರುತ್ತಿತ್ತು. ನಾವು ಆಡುತ್ತಿದ್ದದ್ದು ಮಾರಿಯೋ ಮತ್ತು ಕಾಂಟ್ರಾ. ಎರಡರಲ್ಲೂ ಸೇವ್ ಅನ್ನುವುದೇ ಇಲ್ಲ. ಏಳನೇ ವರ್ಲ್ಡ್ ಮುಟ್ಟಿದಾಗ ಕರೆಂಟ್ ಹೋದರೆ ಮುಗಿಯಿತು, ಕರೆಂಟ್ ಬಂದಮೇಲೆ ಮತ್ತೆ ಒಂದನೇ ವರ್ಲ್ಡ್‌ನಿಂದ. ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಎಲ್ಲಾ ಲೈಫ್ ಹೋದಮೇಲೆ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ವರ್ಲ್ಡ್‌ನ ಮೊದಲ ಹಂತದಿಂದಲೇ ಶುರು ಮಾಡಬಹುದು. ಆ ಗುಟ್ಟು ನನಗೆ ತಿಳಿದದ್ದು ಇಪ್ಪತ್ತು ವರ್ಷ ಆದಮೇಲೆ. ಅದೂ ಮೆಷಿನ್ ಆನ್ ಇರುವ ತನಕ ಮಾತ್ರ ನಡೆಯುತ್ತದೆ. ಕರೆಂಟ್ ಹೋದರೆ ಅದೂ ಇಲ್ಲ.

ಹಾಗಾದರೆ ಆ ಕಾಲದಲ್ಲಿ ದೊಡ್ಡ ಆಟಗಳನ್ನು ಹೇಗೆ ಉಳಿಸುತ್ತಿದ್ದರು? ಜಪಾನಿನಲ್ಲಿ 1986ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಆಟಗಾರನ ಕೈಗೆ ಒಂದು ಪಾಸ್‌ವರ್ಡ್ ಕೊಡುತ್ತಿತ್ತು. ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ಮಾರನೇ ದಿನ ಅಕ್ಷರ ಅಕ್ಷರವಾಗಿ ಒತ್ತಬೇಕು. ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಪಾಸ್‌ವರ್ಡ್ 52 ಅಕ್ಷರದವರೆಗೂ ಬೆಳೆದಿತ್ತು. ಒಂದು ಅಕ್ಷರ ತಪ್ಪಿ ಬರೆದುಕೊಂಡಿದ್ದರೆ ಅಷ್ಟೂ ದಿನದ ಆಟ ಹೋದಂತೆ.

ಇದರಿಂದ ಬಿಡುಗಡೆ ಕೊಟ್ಟದ್ದು ಬ್ಯಾಟರಿ. ದಿ ಲೆಜೆಂಡ್ ಆಫ್ ಜೆಲ್ಡಾ 1986ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಂದಾಗ ಡಿಸ್ಕ್ ರೂಪದಲ್ಲಿತ್ತು. ಆ ಡಿಸ್ಕ್ ಮೇಲೆ ಆಟ ತನ್ನ ಸೇವನ್ನು ತಾನೇ ಬರೆದುಕೊಳ್ಳಬಹುದಿತ್ತು. 1987ರಲ್ಲಿ ಅಮೆರಿಕಕ್ಕೆ ಹೋಗುವಾಗ ಅದು ಕ್ಯಾಸೆಟ್ ಆಯಿತು. ಒಳಗೆ ಒಂದು 8 ಕೆಬಿ ರ‍್ಯಾಮ್ ಚಿಪ್, ಜೊತೆಗೆ ಗಡಿಯಾರಕ್ಕೆ ಹಾಕುವಂಥ ಗುಂಡಿ ಬ್ಯಾಟರಿ. ಕನ್ಸೋಲ್ ಆಫ್ ಆದರೂ ಬ್ಯಾಟರಿಯ ಕರೆಂಟಿನಲ್ಲಿ ಆ ಚಿಪ್ ನೆನಪು ಹಿಡಿದುಕೊಂಡಿರುತ್ತದೆ. 8 ಕೆಬಿ ಎಷ್ಟು ಸಣ್ಣದು ಅಂದರೆ, ನೀವು ಓದುತ್ತಿರುವ ಈ ಬರಹವನ್ನು ಕಂಪ್ಯೂಟರಿನಲ್ಲಿ ಇಡಲು ಅದರ ಹಲವು ಪಟ್ಟು ಜಾಗ ಬೇಕು.

ಆ ಕ್ಯಾಸೆಟ್ ಜೊತೆ ಒಂದು ಸೂಚನೆಯೂ ಬರುತ್ತಿತ್ತು. ಪವರ್ ಆಫ್ ಮಾಡುವ ಮುಂಚೆ ರೀಸೆಟ್ ಬಟನ್ ಒತ್ತಿ ಹಿಡಿದುಕೊಳ್ಳಿ, ಹಿಡಿದುಕೊಂಡೇ ಆಫ್ ಮಾಡಿ. ಯಾಕೆ ಅಂದರೆ, ಕರೆಂಟ್ ಕಡಿದು ಹೋಗುವ ಆ ಒಂದು ಕ್ಷಣದಲ್ಲಿ ಪ್ರೊಸೆಸರ್ ದಿಕ್ಕೆಟ್ಟು ಸೇವ್ ಚಿಪ್ ಮೇಲೆ ಏನಾದರೂ ಗೀಚಿಬಿಡಬಹುದು. ರೀಸೆಟ್ ಒತ್ತಿ ಹಿಡಿದರೆ ಪ್ರೊಸೆಸರ್ ಸುಮ್ಮನೆ ನಿಂತಿರುತ್ತದೆ. ಈ ಸೂಚನೆಯನ್ನು ನೆನಪಿಟ್ಟುಕೊಳ್ಳಿ. ಸುಮಾರು ನಲವತ್ತು ವರ್ಷದ ನಂತರ ಫೋನ್‌ನಲ್ಲೂ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ.

ಆಮೇಲೆ ಬಂದ ಪ್ಲೇಸ್ಟೇಷನ್‌ನಲ್ಲಿ ಸೇವ್ ಜಾಗ ಆಟದ ಡಿಸ್ಕಿನಿಂದ ಹೊರಗೆ ಬಂತು. 128 ಕೆಬಿಯ ಮೆಮೊರಿ ಕಾರ್ಡ್, ಅದರಲ್ಲಿ ನಮಗೆ ಸಿಗುವುದು 15 ಬ್ಲಾಕ್. ಪ್ಲೇಸ್ಟೇಷನ್ 2, ಅಂದರೆ ಪಿಎಸ್2ರ ಕಾರ್ಡ್ 8 ಎಂಬಿ. ಎಮ್ಯುಲೇಟರ್‌ಗಳು ಇಡೀ ಕಾರ್ಡನ್ನೇ ಒಂದು ಫೈಲ್ ಮಾಡಿ ಇಟ್ಟುಕೊಳ್ಳುತ್ತವೆ.

ಎಮರಾಲ್ಡ್ ಓಡುವ ಗೇಮ್ ಬಾಯ್ ಅಡ್ವಾನ್ಸ್ ಕನ್ಸೋಲ್‌ನ ಕಥೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಫೋನ್‌ನಲ್ಲಿ ಎಮ್ಯುಲೇಟರ್ ಹಾಕಿಕೊಂಡವರಲ್ಲಿ ಬಹಳ ಜನ ಮೊದಲು ಆಡುವುದು ಇದರ ಆಟಗಳನ್ನೇ ಅಲ್ವಾ. ಈ ಕ್ಯಾಸೆಟ್‌ಗಳಲ್ಲಿ ಸೇವ್ ಚಿಪ್ ಒಂದೇ ಥರ ಇರಲಿಲ್ಲ. ಕೆಲವಕ್ಕೆ ಬ್ಯಾಟರಿ ಇರುವ 32 ಕೆಬಿ ಎಸ್‌ರ‍್ಯಾಮ್. ಕೆಲವಕ್ಕೆ ಬ್ಯಾಟರಿ ಇಲ್ಲದೆಯೂ ನೆನಪು ಹಿಡಿಯುವ ಚಿಪ್‌ಗಳು: 512 ಬೈಟ್ ಅಥವಾ 8 ಕೆಬಿಯ ಇಇಪ್ರಾಮ್. ಇಲ್ಲವೇ 64 ಅಥವಾ 128 ಕೆಬಿಯ ಫ್ಲ್ಯಾಶ್. ನನ್ನೊಳಗೆ ಇಂಥ ಚಿಪ್ ಇದೆ ಅಂತ ಕ್ಯಾಸೆಟ್ ಎಲ್ಲೂ ನೇರವಾಗಿ ಹೇಳುವುದಿಲ್ಲ. ಎಮ್ಯುಲೇಟರ್ ಆಟದ ಫೈಲ್ ಒಳಗೆ ಹುಡುಕಿ, ಡೆವಲಪರ್‌ಗಳು ಬಳಸಿದ ಸೇವ್ ಲೈಬ್ರರಿಯ, ಅಂದರೆ ಸೇವ್ ಮಾಡುವ ಸಿದ್ಧ ಕೋಡ್‌ನ ಹೆಸರು ಎಲ್ಲಾದರೂ ಸಿಕ್ಕರೆ ಅದನ್ನು ನೋಡಿ ಊಹೆ ಮಾಡಬೇಕು. ಊಹೆ ತಪ್ಪಿದರೆ ಆಟ ಸೇವ್ ಆಗುವುದಿಲ್ಲ. ಪೋಕೆಮಾನ್ ಫೈರ್‌ರೆಡ್ ಆಡಿದ ಹಳಬರಿಗೆ ‘1ಎಂ ಸಬ್-ಸರ್ಕ್ಯೂಟ್ ಬೋರ್ಡ್ ಈಸ್ ನಾಟ್ ಇನ್‌ಸ್ಟಾಲ್ಡ್’ ಅನ್ನುವ ಸಂದೇಶ ನೆನಪಿರಬಹುದು. ಆಟ 128 ಕೆಬಿ ಫ್ಲ್ಯಾಶ್ ಕೇಳುತ್ತಿತ್ತು, ಎಮ್ಯುಲೇಟರ್ 64 ಕೊಟ್ಟಿತ್ತು. ವಿಷಯ ಇಷ್ಟೇ. ಆ ಸಂದೇಶ ನೋಡಿ ಫೋನ್‌ನಲ್ಲೇ ಏನೋ ಬೋರ್ಡ್ ಕೆಟ್ಟಿದೆ ಅಂತ ಹೆದರಿದವರನ್ನು ನಾನು ನೋಡಿದ್ದೇನೆ. ಈಗಿನ ಎಂಜಿಬಿಎ ಥರದ ಎಮ್ಯುಲೇಟರ್‌ಗಳು ಇದನ್ನು ಚೆನ್ನಾಗಿ ಕಂಡುಹಿಡಿಯುತ್ತವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆಟದ ಒಳಗಿನ ಸೇವ್. ಆಟ ತಯಾರಿಸಿದವರೇ ಕೊಟ್ಟದ್ದು. ಮೆನು ತೆಗೆದು ಸೇವ್ ಒತ್ತುತ್ತೀರಿ, ‘ಪವರ್ ಆಫ್ ಮಾಡಬೇಡಿ’ ಅಂತ ಆಟ ಹೇಳುತ್ತದೆ, ಕೆಲವು ಸೆಕೆಂಡ್ ಕಾಯುತ್ತೀರಿ. ಎಮ್ಯುಲೇಟರ್ ಇದನ್ನು .ಎಸ್‌ಎವಿ ಅಥವಾ .ಎಸ್‌ಆರ್‌ಎಂ ಅನ್ನುವ ಬಾಲ ಇರುವ ಸಣ್ಣ ಫೈಲ್ ಮಾಡಿ ಇಡುತ್ತದೆ.

ಎರಡನೆಯದು ಸೇವ್ ಸ್ಟೇಟ್. ಇದು ಎಮ್ಯುಲೇಟರಿನದೇ ಕೊಡುಗೆ, ಆಟಕ್ಕೆ ಇದರ ಸುಳಿವೇ ಇರುವುದಿಲ್ಲ. ಗುಂಡಿ ಒತ್ತಿದ ಆ ಕ್ಷಣದಲ್ಲಿ ಇಡೀ ಯಂತ್ರ ಹೇಗಿತ್ತೋ ಹಾಗೆ ನಕಲು ತೆಗೆಯುತ್ತದೆ. ಪ್ರೊಸೆಸರ್ ಯಾವ ಸಾಲಿನಲ್ಲಿತ್ತು, ರ‍್ಯಾಮ್‌ನಲ್ಲಿ ಏನಿತ್ತು, ಚಿತ್ರದ ಮೆಮೊರಿಯಲ್ಲಿ ಏನಿತ್ತು, ಸೌಂಡ್ ಚಿಪ್ ಯಾವ ಸ್ವರ ನುಡಿಸುತ್ತಿತ್ತು, ಎಲ್ಲವನ್ನೂ. ಹಳೇ 8-ಬಿಟ್ ನಿಂಟೆಂಡೊದ ರ‍್ಯಾಮ್ 2 ಕೆಬಿ ಮಾತ್ರ, ಹಾಗಾಗಿ ಅದರ ಸೇವ್ ಸ್ಟೇಟ್ ತುಂಬಾ ಪುಟ್ಟದು. ಪಿಎಸ್2ಗೆ 32 ಎಂಬಿ ರ‍್ಯಾಮ್ ಇದೆ, ಅದರ ಸೇವ್ ಸ್ಟೇಟ್ ಅಷ್ಟೇ ದಪ್ಪ.

ಇದರ ಅನುಕೂಲ ಬಹಳ. ಬಸ್ ಬಂತು, ಗುಂಡಿ ಒತ್ತಿದೆ, ಫೋನ್ ಜೇಬಿಗೆ. ಸಂಜೆ ಅದೇ ಜಾಗದಿಂದ, ಗಾಳಿಯಲ್ಲಿ ಎಗರಿದ ಮಾರಿಯೋ ಗಾಳಿಯಲ್ಲೇ ಇರುತ್ತಾನೆ. ಇದು ಮೋಸ ಅನ್ನುವವರೂ ಇದ್ದಾರೆ. ಹಳೇ ಆಟಗಳಲ್ಲಿನ ಸಾಧನೆಗಳನ್ನು ದಾಖಲಿಸುವ ರೆಟ್ರೊಅಚೀವ್‌ಮೆಂಟ್ಸ್ ತಾಣದ ಹಾರ್ಡ್‌ಕೋರ್ ಪದ್ಧತಿಯಲ್ಲಿ ಸೇವ್ ಸ್ಟೇಟ್ ಲೋಡ್ ಮಾಡಲು ಬಿಡುವುದೇ ಇಲ್ಲ. ಆದರೆ ನಿಂಟೆಂಡೊ ತಾನೇ 2016ರಲ್ಲಿ ಮಾರಿದ ಪುಟ್ಟ ಎನ್‌ಇಎಸ್ ಕ್ಲಾಸಿಕ್‌ನಲ್ಲಿ ಪ್ರತಿ ಆಟಕ್ಕೂ ಇಂಥ ನಾಲ್ಕು ಜಾಗ ಕೊಟ್ಟಿತ್ತು. ಕೆಲಸ, ಮನೆ, ಮಕ್ಕಳ ನಡುವೆ ಹತ್ತು ನಿಮಿಷ ಬಿಡುವು ಸಿಕ್ಕವರಿಗೆ ಇದು ಬೇಕೇ ಬೇಕು. ನನಗೆ ಇದರ ಮೇಲೆ ಯಾವ ತಕರಾರೂ ಇಲ್ಲ. ತಕರಾರು ಇರುವುದು, ಇದನ್ನೇ ನಂಬಿ ಕೂರುವುದರ ಮೇಲೆ.

ಹೀಗೆ ಯೋಚಿಸಿ. ಆಟದ ಒಳಗಿನ ಸೇವ್ ಅಂದರೆ ಬ್ಯಾಂಕಿನ ಪಾಸ್‌ಬುಕ್. ಬೇಕಾದ ನಾಲ್ಕು ಅಂಕಿ ಮಾತ್ರ ಅದರಲ್ಲಿ ಬರೆದಿರುತ್ತದೆ. ಸೇವ್ ಸ್ಟೇಟ್ ಅಂದರೆ ಇಡೀ ಮನೆಯನ್ನು ಇದ್ದ ಹಾಗೇ ನಿಲ್ಲಿಸಿಟ್ಟಂತೆ. ಒಲೆ ಮೇಲೆ ಹಾಲು ಉಕ್ಕುತ್ತಿದೆ, ಫ್ಯಾನ್ ಅರ್ಧ ಸುತ್ತಿನಲ್ಲಿದೆ, ಬೆಕ್ಕು ಕಿಟಕಿ ಹತ್ತುತ್ತಿದೆ. ಎಲ್ಲಾ ಹಾಗೇ. ಇನ್ನೊಂದು ಮಾತು ಮರೆಯಬೇಡಿ, ಪಾಸ್‌ಬುಕ್ ಇರುವುದೂ ಆ ಮನೆಯ ಬೀರುವಿನಲ್ಲೇ.

ಅಂದರೆ ಮೂರು ತಿಂಗಳ ಹಿಂದಿನ ಮನೆಯನ್ನು ವಾಪಸ್ ಕರೆದರೆ ಮೂರು ತಿಂಗಳ ಹಿಂದಿನ ಪಾಸ್‌ಬುಕ್ಕೂ ಅದರ ಜೊತೆ ವಾಪಸ್ ಬರುತ್ತದೆ.

ನನ್ನ ಸೋದರಳಿಯನಿಗೆ ಆದದ್ದು ಇದೇ. ಮೂರು ಬ್ಯಾಡ್ಜ್ ಇದ್ದಾಗ ಒಂದನೇ ಸ್ಲಾಟ್‌ನಲ್ಲಿ ಒಂದು ಸೇವ್ ಸ್ಟೇಟ್ ಮಾಡಿದ್ದ. ಆಮೇಲೆ ಆಟದ ಒಳಗೇ ಸೇವ್ ಮಾಡಿಕೊಂಡು ಎಂಟು ಬ್ಯಾಡ್ಜ್‌ವರೆಗೆ ಹೋದ. ಹಬ್ಬದ ಹಿಂದಿನ ದಿನ ಬೆರಳು ತಪ್ಪಿ ಒಂದನೇ ಸ್ಲಾಟ್ ಲೋಡ್ ಆಯಿತು. ಅನೇಕ ಎಮ್ಯುಲೇಟರ್‌ಗಳಲ್ಲಿ ಸೇವ್ ಸ್ಟೇಟ್ ಒಳಗೆ ಕ್ಯಾಸೆಟ್‌ನ ಸೇವ್ ಚಿಪ್‌ನ ನಕಲೂ ಇರುತ್ತದೆ. ಹಳೇ ಸ್ಟೇಟ್ ಜೊತೆ ಹಳೇ ಚಿಪ್ ಬಂತು. ಎಮ್ಯುಲೇಟರ್ ಮುಚ್ಚುವಾಗ ಚಿಪ್‌ನಲ್ಲಿ ಇದ್ದದ್ದನ್ನು ನಿಷ್ಠೆಯಿಂದ ಫೈಲಿಗೆ ಬರೆಯಿತು. ಎಂಟು ಬ್ಯಾಡ್ಜ್ ಇದ್ದ ಫೈಲ್ ಮೇಲೆ ಮೂರು ಬ್ಯಾಡ್ಜ್ ಕೂತಿತು. ಎಲ್ಲವೂ ಹೇಳಿದ ಹಾಗೇ ಕೆಲಸ ಮಾಡಿದೆ, ಎಲ್ಲೂ ಕೆಟ್ಟಿಲ್ಲ. ಅದಕ್ಕೇ ಇದು ಗೊತ್ತಾಗುವುದು ಕಷ್ಟ.

ಎಮರಾಲ್ಡ್ ಮಾಡಿದವರು ಈ ವಿಷಯದಲ್ಲಿ ತುಂಬಾ ಜಾಗ್ರತೆ ವಹಿಸಿದ್ದರು ಅನ್ನುವುದು ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಎಮರಾಲ್ಡ್‌ಗೂ 128 ಕೆಬಿ ಚಿಪ್, ಅದರೊಳಗೆ ಆಟ ತನ್ನ ಸೇವ್‌ನ ಎರಡು ಪ್ರತಿ ಇಡುತ್ತದೆ. ಒಂದೊಂದೂ 4 ಕೆಬಿಯ 14 ತುಂಡು. ಈ ಸಲ ಮೊದಲನೇ ಜಾಗಕ್ಕೆ ಬರೆದರೆ ಮುಂದಿನ ಸಲ ಎರಡನೇ ಜಾಗಕ್ಕೆ. ಪ್ರತಿ ತುಂಡಿಗೂ ಲೆಕ್ಕ ತಾಳೆ ನೋಡುವ ಒಂದು ಸಂಖ್ಯೆ. ಬರೆಯುವಾಗ ಬ್ಯಾಟರಿ ಸತ್ತು ಹೊಸ ಪ್ರತಿ ಕೆಟ್ಟರೆ, ‘ಸೇವ್ ಫೈಲ್ ಕೆಟ್ಟಿದೆ, ಹಿಂದಿನದನ್ನು ತೆಗೆಯುತ್ತೇನೆ’ ಅಂತ ಹೇಳಿ ಹಳೇ ಪ್ರತಿಯಿಂದ ಆಟ ಶುರುವಾಗುತ್ತದೆ. ಮಕ್ಕಳ ಕೈಯಲ್ಲಿರುವ ಸಾಧನ, ಬ್ಯಾಟರಿ ಯಾವಾಗ ಬೇಕಾದರೂ ಹೋಗಬಹುದು ಅಂತ ಯಾರೋ ಕೂತು ಯೋಚಿಸಿ ಬರೆದ ಕೋಡ್ ಅದು. ಆದರೆ ಸೇವ್ ಸ್ಟೇಟ್ ಲೋಡ್ ಆದಾಗ ಇಡೀ ಚಿಪ್ ಹಿಂದಕ್ಕೆ ಹೋಗುತ್ತದೆ. ಎರಡೂ ಪ್ರತಿ ಒಟ್ಟಿಗೇ ಹಳೆಯದಾಗುತ್ತವೆ. ಅಷ್ಟು ಜೋಪಾನ ಮಾಡಿದ್ದೂ ಇಲ್ಲಿ ಕೈ ಹಿಡಿಯಲಿಲ್ಲ.

ಇದಕ್ಕೆ ತಡೆ ಇಲ್ಲವೇ? ಇದೆ. ಹಲವು ಕನ್ಸೋಲ್‌ಗಳ ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಓಡಿಸುವ ರೆಟ್ರೊಆರ್ಚ್ ಆ್ಯಪ್‌ನ ಸೇವಿಂಗ್ ಸೆಟ್ಟಿಂಗ್ ಒಳಗೆ, ಸೇವ್ ಸ್ಟೇಟ್ ಲೋಡ್ ಮಾಡುವಾಗ ಸೇವ್‌ರ‍್ಯಾಮ್ (ಅಂದರೆ ಸೇವ್ ಚಿಪ್) ಮೇಲೆ ಬರೆಯಬೇಡ ಅನ್ನುವ ಆಯ್ಕೆ ಇದೆ. ಎಂಜಿಬಿಎ ಕಂಪ್ಯೂಟರ್ ಆವೃತ್ತಿಯಲ್ಲಿ, ಸ್ಟೇಟ್ ಉಳಿಸುವಾಗ ಸೇವ್ ಡೇಟಾ ಸೇರಬೇಕಾ, ಲೋಡ್ ಮಾಡುವಾಗ ಸೇರಬೇಕಾ ಅಂತ ಬೇರೆ ಬೇರೆಯಾಗಿ ಕೇಳುತ್ತದೆ. ಆದರೆ ಈ ಆಯ್ಕೆಯಲ್ಲೂ ಒಂದು ತೊಡಕಿದೆ, ರೆಟ್ರೊಆರ್ಚ್ ತಾನೇ ಆ ಎಚ್ಚರಿಕೆ ಕೊಡುತ್ತದೆ. ಮನೆ ಹಳೆಯದು, ಪಾಸ್‌ಬುಕ್ ಹೊಸದು ಅಂತಾದರೆ ಕೆಲವು ಆಟಗಳು ಗಲಿಬಿಲಿಯಾಗುತ್ತವೆ. ಪಿಎಸ್2 ಎಮ್ಯುಲೇಟರ್ ಪಿಸಿಎಸ್‌ಎಕ್ಸ್2 ಇದನ್ನು ಇನ್ನೊಂದು ರೀತಿ ಬಗೆಹರಿಸಿದೆ. ಸ್ಟೇಟ್ ಲೋಡ್ ಮಾಡಿದ ಕೂಡಲೇ ಮೆಮೊರಿ ಕಾರ್ಡನ್ನು ಕಿತ್ತು ಮತ್ತೆ ಹಾಕಿದಂತೆ ಆಟಕ್ಕೆ ತೋರಿಸುತ್ತದೆ. ಆಗ ಆಟ ಕಾರ್ಡನ್ನು ಹೊಸದಾಗಿ ಓದಿಕೊಳ್ಳುತ್ತದೆ. ನನಗೆ ಇದು ತುಂಬಾ ಹಿಡಿಸಿತು. ನಿಜವಾದ ಯಂತ್ರದ ಮುಂದೆ ಕೂತ ಮನುಷ್ಯ ಏನು ಮಾಡುತ್ತಿದ್ದನೋ ಅದನ್ನೇ ಎಮ್ಯುಲೇಟರ್ ಮಾಡುತ್ತದೆ.

ಬೆರಳು ತಪ್ಪಿದ ಕೂಡಲೇ ಗೊತ್ತಾದರೆ ಇನ್ನೊಂದು ದಾರಿ ಇದೆ. ರೆಟ್ರೊಆರ್ಚ್‌ನಲ್ಲಿ ‘ಅನ್‌ಡೂ ಲೋಡ್ ಸ್ಟೇಟ್’ ಅಂತ ಇದೆ. ಗಾಬರಿಯಲ್ಲಿ ಆ್ಯಪ್ ಮುಚ್ಚುವ ಮುಂಚೆ ಅದನ್ನು ಒತ್ತಿದರೆ ಲೋಡ್ ಮಾಡುವ ಹಿಂದಿನ ಸ್ಥಿತಿಗೆ ಮರಳಬಹುದು. ನಮ್ಮ ಹುಡುಗ ಗಾಬರಿಯಲ್ಲಿ ಮುಚ್ಚಿಬಿಟ್ಟಿದ್ದ. ಯಾರಾದರೂ ಮುಚ್ಚುತ್ತಾರೆ.

ಸೇವ್ ಸ್ಟೇಟ್ ನಂಬಬಾರದು ಅನ್ನಲು ಇನ್ನೊಂದು ದೊಡ್ಡ ಕಾರಣ ಆಯಸ್ಸು. ಯಂತ್ರದ ಸ್ಥಿತಿಯನ್ನು ಯಾವ ಕ್ರಮದಲ್ಲಿ ಬರೆಯಬೇಕು ಅನ್ನುವುದು ಆ ಎಮ್ಯುಲೇಟರ್‌ನ ಒಳಗಿನ ಕೋಡ್‌ಗೆ ಬಿಟ್ಟದ್ದು. ಡೆವಲಪರ್ ಸೌಂಡ್ ಚಿಪ್‌ನ ಒಂದು ತಪ್ಪು ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರೆ ಆ ಕ್ರಮ ಬದಲಾಗಬಹುದು. ಆಗ ಹಳೇ ಸ್ಟೇಟ್ ತೆರೆಯುವುದಿಲ್ಲ. ನಿಂಟೆಂಡೊದ ಗೇಮ್‌ಕ್ಯೂಬ್ ಮತ್ತು ವೀ ಆಟಗಳ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ಇದು ಪದೇ ಪದೇ ಆಗುತ್ತದೆ. ಪಿಎಸ್‌ಪಿ, ಅಂದರೆ ಅಂಗೈ ಪ್ಲೇಸ್ಟೇಷನ್‌ನ ಎಮ್ಯುಲೇಟರ್ ಪಿಪಿಎಸ್‌ಎಸ್‌ಪಿಪಿ ತಂಡವಂತೂ ದೀರ್ಘ ಕಾಲಕ್ಕೆ ಸೇವ್ ಸ್ಟೇಟ್ ನೆಚ್ಚಿಕೊಳ್ಳಬೇಡಿ, ಆಟದ ಒಳಗೇ ಸೇವ್ ಮಾಡಿ ಅಂತ ಬಳಕೆದಾರರಿಗೆ ಹೇಳುತ್ತಲೇ ಬಂದಿದೆ. ಅದಕ್ಕೆ ಅವರು ಕೊಡುವ ಕಾರಣದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಳೇ ಆವೃತ್ತಿಯ ತಪ್ಪಿನಿಂದ ಆಟದ ಮೆಮೊರಿ ಒಂಚೂರು ಕೆಟ್ಟಿದ್ದರೆ, ಆ ಕೆಡುಕೂ ಸ್ಟೇಟ್ ಒಳಗೆ ಕೂತಿರುತ್ತದೆ. ಎಮ್ಯುಲೇಟರ್ ಸರಿಹೋದರೂ ನಿಮ್ಮ ಆಟ ಸರಿಹೋಗುವುದಿಲ್ಲ. ಒಮ್ಮೆ ಆಟದ ಒಳಗೆ ಸೇವ್ ಮಾಡಿ, ರೀಸೆಟ್ ಮಾಡಿ, ಅಲ್ಲಿಂದ ಶುರು ಮಾಡಿದರೆ ಮನೆ ಹೊಸದಾಗಿ ಕಟ್ಟಿದಂತೆ.

ಆವೃತ್ತಿ ಬಿಡಿ, ಎಮ್ಯುಲೇಟರೇ ಮಾಯವಾದರೆ? 2024ರ ಮಾರ್ಚ್‌ನಲ್ಲಿ ಅದೂ ಆಯಿತು. ನಿಂಟೆಂಡೊ ಹೂಡಿದ ಮೊಕದ್ದಮೆಯಲ್ಲಿ ಅದರ ಸ್ವಿಚ್ ಕನ್ಸೋಲ್‌ನ ಎಮ್ಯುಲೇಟರ್ ಯುಜು ತಂಡ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಹಾಕಿತು. ಅದೇ ತಂಡ ನೋಡಿಕೊಳ್ಳುತ್ತಿದ್ದ, ನಿಂಟೆಂಡೊದ ಕೈ-ಕನ್ಸೋಲ್ 3ಡಿಎಸ್‌ನ ಎಮ್ಯುಲೇಟರ್ ಸಿಟ್ರಾ ಕೂಡ ನಿಂತಿತು. 3ಡಿಎಸ್ ರೆಟ್ರೊ ಅನ್ನಲು ಸ್ವಲ್ಪ ಹೊಸದೇ. ಆದರೆ ಪಾಠ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಿಟ್ರಾ ಕೋಡ್‌ನಿಂದ ಕವಲೊಡೆದ ಯೋಜನೆಗಳು ಸೇರಿ ಈಗ ಅಜಹಾರ್ ಅನ್ನುವ ಎಮ್ಯುಲೇಟರ್ ಇದೆ. ಆಟದ ಒಳಗೆ ಸೇವ್ ಮಾಡಿದ್ದವರು ತಮ್ಮ ಫೋಲ್ಡರ್ ಎತ್ತಿ ಅಲ್ಲಿಗೆ ಹಾಕಿಕೊಂಡು ಆಟ ಮುಂದುವರಿಸಬಹುದು. ಬರೀ ಸೇವ್ ಸ್ಟೇಟ್ ಇಟ್ಟುಕೊಂಡವರು ಹಳೇ ಸಿಟ್ರಾ ಪ್ರತಿಯನ್ನೇ ಹುಡುಕಿ ಅದರಲ್ಲಿ ತೆರೆದು, ಒಳಗೆ ಸೇವ್ ಮಾಡಿ, ಆಮೇಲೆ ಸಾಗಿಸಬೇಕು.

ಇದೇ ಮಾತು ರೆಟ್ರೊಆರ್ಚ್ ಒಳಗೂ ಅನ್ವಯಿಸುತ್ತದೆ. ಒಂದೇ ಕನ್ಸೋಲ್‌ಗೆ ಅಲ್ಲಿ ಹಲವು ಕೋರ್‌ಗಳು, ಅಂದರೆ ಬೇರೆ ಬೇರೆ ಎಮ್ಯುಲೇಟರ್‌ಗಳು ಇರುತ್ತವೆ. ಒಂದು ಕೋರ್‌ನ ಸ್ಟೇಟ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಒಳಗಿನ ಸೇವ್ ಫೈಲ್ ಮಾತ್ರ ಬಹುತೇಕ ಕಡೆ ನಡೆಯುತ್ತದೆ. ಅದು ಮೂಲ ಚಿಪ್‌ನಲ್ಲಿದ್ದ ಬೈಟ್‌ಗಳ ನೇರ ನಕಲು, ಅದಕ್ಕೇ. ನಿಜವಾದ ಕ್ಯಾಸೆಟ್‌ನಿಂದ ಸೇವ್ ಓದುವ ಸಾಧನಗಳೂ ಸಿಗುತ್ತವೆ. ಹಳೇ ಕ್ಯಾಸೆಟ್‌ನ ಬ್ಯಾಟರಿ ಸಾಯುವ ಮುಂಚೆ ಅದರಲ್ಲಿದ್ದ ಸೇವ್ ಹೊರತೆಗೆದು, ಹೊಸ ಬ್ಯಾಟರಿ ಬೆಸುಗೆ ಹಾಕಿಸಿ, ಮತ್ತೆ ಒಳಗೆ ಬರೆಯುವವರಿದ್ದಾರೆ. ಪೋಕೆಮಾನ್ ಗೋಲ್ಡ್, ಸಿಲ್ವರ್ ಕ್ಯಾಸೆಟ್‌ಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಿಂದ ಓಡುತ್ತಿದ್ದದ್ದರಿಂದ ಅವು ಬೇಗ ಸತ್ತವು. ಆ ಸೇವ್‌ಗಳಲ್ಲಿ ಎಷ್ಟೋ ಈಗಾಗಲೇ ಹೋಗಿವೆ.

ಈಗ ರೀಸೆಟ್ ಬಟನ್ ಕಥೆಗೆ ಬರೋಣ. ಆಟದ ಒಳಗೆ ಸೇವ್ ಒತ್ತಿದಾಗ ಅದು ಬರೆಯುವುದು ಎಮ್ಯುಲೇಟರ್ ಕಲ್ಪಿಸಿಕೊಂಡ ಚಿಪ್ ಮೇಲೆ, ಅಂದರೆ ಫೋನ್‌ನ ಮೆಮೊರಿಯಲ್ಲಿ. ಅಲ್ಲಿಂದ ಫೈಲಿಗೆ ಇಳಿಯುವುದು ಬೇರೆ ಹೆಜ್ಜೆ. ಕೆಲವು ಎಮ್ಯುಲೇಟರ್ ಕೂಡಲೇ ಇಳಿಸುತ್ತವೆ. ಕೆಲವು ಇಷ್ಟಿಷ್ಟು ಸೆಕೆಂಡಿಗೊಮ್ಮೆ. ಕೆಲವು ಆಟವನ್ನು ಸರಿಯಾಗಿ ಮುಚ್ಚಿದಾಗ ಮಾತ್ರ. ಸೇವ್ ಒತ್ತಿ, ಅದೇ ಉಸಿರಿನಲ್ಲಿ ಆ್ಯಪನ್ನು ಮೇಲಕ್ಕೆ ತಳ್ಳಿ ಕೊಂದರೆ, ಅಥವಾ ಹಿಂದೆ ಓಡುತ್ತಿದ್ದ ಆ್ಯಪನ್ನು ಫೋನೇ ಬ್ಯಾಟರಿ ಉಳಿಸಲು ಕೊಂದರೆ, ಫೈಲಿಗೆ ಇಳಿಯದೇ ಹೋಗಬಹುದು. ಆಟ ‘ಸೇವ್ ಆಯಿತು’ ಅಂದಿರುತ್ತದೆ. ಅದರ ಮಟ್ಟಿಗೆ ಅದು ಸುಳ್ಳಲ್ಲ. ರೆಟ್ರೊಆರ್ಚ್‌ನಲ್ಲಿ ‘ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್’ ಅನ್ನುವುದು ಆಫ್ ಇದೆಯಾ ಅಂತ ಒಮ್ಮೆ ನೋಡಿ, ಇದ್ದರೆ 10 ಸೆಕೆಂಡಿಗೆ ಇಡಿ. ಆಟ ಮುಗಿಸುವಾಗ ಮೆನುವಿನಿಂದ ‘ಕ್ಲೋಸ್ ಕಂಟೆಂಟ್’ ಒತ್ತಿ ಹೊರಬನ್ನಿ. 1987ರ ಮಕ್ಕಳು ರೀಸೆಟ್ ಒತ್ತಿ ಹಿಡಿಯುತ್ತಿದ್ದ ಕೆಲಸವೇ ಇದು.

ಫೈಲ್ ಇದ್ದೂ ಇಲ್ಲದಂತಾಗುವ ಇನ್ನೊಂದು ಪರಿಸ್ಥಿತಿ ಹೆಸರಿನದು. ಆಟದ ಫೈಲ್ ಹೆಸರು ಏನಿದೆಯೋ ಅದೇ ಹೆಸರಿನ ಸೇವ್ ಫೈಲನ್ನು ಎಮ್ಯುಲೇಟರ್ ಹುಡುಕುತ್ತದೆ. ಉದ್ದ ಹೆಸರು ಚೆನ್ನಾಗಿಲ್ಲ ಅಂತ ಆಟದ ಫೈಲ್ ಹೆಸರು ಬದಲಿಸಿದರೆ ಹೊಸ ಆಟ ಶುರುವಾಗುತ್ತದೆ. ಸೇವ್ ಹೋಯಿತು ಅಂತ ಜನ ಅಳುತ್ತಾರೆ. ಹೋಗಿರುವುದಿಲ್ಲ, ಹಳೇ ಹೆಸರಿನಲ್ಲಿ ಪಕ್ಕದಲ್ಲೇ ಕೂತಿರುತ್ತದೆ. ಹೆಸರು ಹೊಂದಿಸಿದರೆ ಸಾಕು.

ನಿಜವಾಗಿ ಹೋಗುವುದು ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದಾಗ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತನ್ನ ಸ್ವಂತ ಫೋಲ್ಡರ್ ಒಳಗೆ ಇಟ್ಟದ್ದೆಲ್ಲ ಅದರ ಜೊತೆಗೇ ಅಳಿಸಿಹೋಗುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗೆ ಆ ಫೋಲ್ಡರ್ ಒಳಗೆ ಬೇರೆ ಫೈಲ್ ಮ್ಯಾನೇಜರ್‌ಗಳಿಂದ ಇಣುಕುವುದೂ ಕಷ್ಟ. ಅದಕ್ಕೇ ಮೊದಲ ದಿನವೇ ಸೇವ್ ಫೋಲ್ಡರನ್ನು ನಿಮ್ಮ ಕಣ್ಣಿಗೆ ಕಾಣುವ ಜಾಗಕ್ಕೆ ಬದಲಿಸಿಕೊಳ್ಳಿ. ಐಫೋನ್‌ನ ಡೆಲ್ಟಾ ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್‌ಗೆ ಸೇವ್‌ಗಳನ್ನು ಕಳಿಸುತ್ತದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಅಗ್ಗದ ಕೈ-ಕನ್ಸೋಲ್ ಕೊಂಡವರು ಅದರ ಜೊತೆ ಬರುವ ಮೆಮೊರಿ ಕಾರ್ಡ್ ಬದಲಿಸಿ ಒಳ್ಳೇ ಕಂಪನಿಯದು ಹಾಕಿಕೊಳ್ಳುವುದು ಕ್ಷೇಮ. ಪೆಟ್ಟಿಗೆಯಲ್ಲಿ ಬರುವ ಕಾರ್ಡ್‌ಗಳು ಬೇಗ ಕೆಡುತ್ತವೆ, ಕೆಟ್ಟಾಗ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತವೆ.

ಇಷ್ಟೆಲ್ಲ ಜವಾಬ್ದಾರಿಯನ್ನು ಆಡುವವರ ತಲೆಗೇ ಕಟ್ಟುವುದು ಸರಿಯಲ್ಲ ಅಂತಲೂ ನನಗೆ ಅನ್ನಿಸುತ್ತದೆ. ಎಮ್ಯುಲೇಟರ್ ಬರೆಯುವವರಲ್ಲಿ ಬಹಳ ಜನ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಮಾಡುವವರು. ಅವರ ಬಗ್ಗೆ ನನಗೆ ಗೌರವ ಇದೆ. ಆದರೂ ಕೇಳುತ್ತೇನೆ. ಫೈಲಿನಲ್ಲಿರುವ ಸೇವ್‌ಗಿಂತ ಹಳೇ ಸ್ಟೇಟ್ ಲೋಡ್ ಆಗುತ್ತಿದೆ ಅಂತ ಎಮ್ಯುಲೇಟರ್‌ಗೆ ದಿನಾಂಕ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಒಂದು ಸಾಲು ಎಚ್ಚರಿಕೆ ತೋರಿಸಬಹುದು. ಸೇವ್ ಫೈಲ್ ಮೇಲೆ ಬರೆಯುವ ಮುಂಚೆ ಹಳೆಯದರ ಐದು ಪ್ರತಿ ಇಟ್ಟುಕೊಳ್ಳಬಹುದು. 128 ಕೆಬಿಯ ಐದು ಪ್ರತಿ ಅಂದರೆ 640 ಕೆಬಿ, ಇವತ್ತಿನ ಫೋನ್‌ನ ಒಂದು ಫೋಟೋಗಿಂತ ಕಡಿಮೆ. ಲೋಡ್ ಸ್ಟೇಟ್ ಮತ್ತು ಸೇವ್ ಸ್ಟೇಟ್ ಗುಂಡಿಗಳನ್ನು ಅಕ್ಕಪಕ್ಕ ಇಡದೇ ಇರಬಹುದು. ಚಿಕ್ಕ ಪರದೆ, ಚಿಕ್ಕ ಬೆರಳು, ಅಕ್ಕಪಕ್ಕದ ಗುಂಡಿ. ಅಲ್ಲಿ ತಪ್ಪಾಗುವುದು ಆಡುವವನ ಅಜಾಗರೂಕತೆಯಿಂದ ಅಂತ ನಾನು ಒಪ್ಪುವುದಿಲ್ಲ.

ಅಲ್ಲಿಯವರೆಗೆ ನಾನು ಮಾಡುವುದು ಹೀಗೆ. ಬಸ್ಸಿನಲ್ಲಿ ಇಳಿಯುವ ಸ್ಟಾಪ್ ಬಂದಾಗ ಸೇವ್ ಸ್ಟೇಟ್. ಅವತ್ತಿನ ಆಟ ಮುಗಿಸುವಾಗ ಆಟದ ಒಳಗೇ ಸೇವ್, ಐದು ಸೆಕೆಂಡ್ ಕಾದು ಕ್ಲೋಸ್. ಮಾರನೇ ದಿನ ಸ್ಟೇಟ್ ಲೋಡ್ ಮಾಡುವುದಿಲ್ಲ, ಆಟದ ಮೊದಲ ಪರದೆಯಿಂದ ‘ಕಂಟಿನ್ಯೂ’ ಒತ್ತುತ್ತೇನೆ. ಹಾಗೆ ಒತ್ತಿದಾಗ ಆಟ ತೆರೆದರೆ ಸೇವ್ ನಿಜವಾಗಿ ಫೈಲಿಗೆ ಇಳಿದಿದೆ ಅಂತ ಅರ್ಥ. ಬೇರೆ ಪರೀಕ್ಷೆ ಬೇಕಿಲ್ಲ. ಭಾನುವಾರ ಸೇವ್ ಫೋಲ್ಡರನ್ನು ಒಮ್ಮೆ ಡ್ರೈವ್‌ಗೆ ನಕಲು ಮಾಡುತ್ತೇನೆ. ನನ್ನ ಎಲ್ಲಾ ಗೇಮ್ ಬಾಯ್ ಆಟಗಳ ಸೇವ್ ಸೇರಿದರೂ ಒಂದು ಹಾಡಿನಷ್ಟು ಜಾಗ ಹಿಡಿಯುವುದಿಲ್ಲ.

ದೀಪಾವಳಿ ಮಧ್ಯಾಹ್ನದ ಕಥೆ ಅರ್ಧಕ್ಕೆ ಬಿಟ್ಟೆ. ಎಂಟು ಬ್ಯಾಡ್ಜ್‌ನ ಫೈಲ್ ಎಲ್ಲೂ ಸಿಗಲಿಲ್ಲ. ಸಾಯಂಕಾಲದ ಹೊತ್ತಿಗೆ ಅವನಿಗೇ ನೆನಪಾಯಿತು, ದಸರಾ ರಜೆಗೆ ಮುಂಚೆ ಅವನು ಆಡುತ್ತಿದ್ದದ್ದು ಅಮ್ಮನ ಹಳೇ ಫೋನ್‌ನಲ್ಲಿ. ಅಕ್ಕ ಬೀರುವಿನ ಡ್ರಾಯರ್‌ನಿಂದ ಅದನ್ನು ತೆಗೆದುಕೊಟ್ಟಳು. ಪರದೆ ಒಡೆದಿತ್ತು, ಚಾರ್ಜ್‌ಗೆ ಹಾಕಿ ಇಪ್ಪತ್ತು ನಿಮಿಷ ಕಾದಮೇಲೆ ಆನ್ ಆಯಿತು. ಫೋಲ್ಡರ್ ಒಳಗೆ 128 ಕೆಬಿಯ ಒಂದು .ಎಸ್‌ಎವಿ ಫೈಲ್ ಇತ್ತು. ಹೊಸ ಫೋನ್‌ಗೆ ಕಳಿಸಿ ತೆರೆದರೆ ‘ನ್ಯೂ ಗೇಮ್’ ಮಾತ್ರ ತೋರಿಸಿತು. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎರಡು ಫೋನ್‌ಗಳಲ್ಲಿ ಆಟದ ಫೈಲ್ ಹೆಸರು ಬೇರೆ ಬೇರೆ ಇತ್ತು. ಹೆಸರು ಬದಲಿಸಿ ಮತ್ತೆ ತೆರೆದೆವು.

ಪರದೆ ಮೇಲೆ ‘ಕಂಟಿನ್ಯೂ’ ಬಂತು. ಅದರ ಕೆಳಗೆ ಅವನ ಹೆಸರು, ಆಡಿದ ಸಮಯ. ಬ್ಯಾಡ್ಜ್: 6.

“ಇನ್ನು ಎರಡೇ ಮಾಮ” ಅಂದ. ಹಾಗೆ ಹೇಳುತ್ತಲೇ ಆಟದ ಮೆನು ತೆಗೆದು ಒಮ್ಮೆ ಸೇವ್ ಮಾಡಿದ.